ಸಮತಟ್ಟಾದ ಅಂಗಳ

ಪುತ್ತೂರು
೧೮ ನವೆಂಬರ್ ೨೦೨೪

ನಮ್ಮ ಮಗಳು ಅಮೀರಾಳ ಉಪ್ಪನಿಗೆ,

ಅಸ್ಸಲಾಮು ಅಲೈಕುಂ. ಜಗಳವೆಲ್ಲ ಬ್ಯಾರಿ ಭಾಷೆಯಲ್ಲಿ, ಬರೆಯುವುದು ಮಾತ್ರ ಕನ್ನಡದಲ್ಲಿ ಎಂದು ಮದುವೆಯ ಹೊಸದರಲ್ಲಿ ನೀವು ಗೇಲಿ ಮಾಡುತ್ತಿದ್ದಿರಿ. ಇದು ಜಗಳದ ಕಾಗದವಲ್ಲ. ಫೋನಿನಲ್ಲಿ ಹೇಳೋಣವೆಂದರೆ ನೀವು ‘ತಪ್ಪು ನನ್ನದೇ ಸಫಿಯಾ’ ಎಂದು ಶುರು ಮಾಡುತ್ತೀರಿ, ನಾನು ಫೋನು ಇಟ್ಟುಬಿಡುತ್ತೇನೆ. ಬೆಳಗ್ಗಿನಿಂದ ಮೂರು ಸಲ ಬರೆಯಲು ಕುಳಿತು, ಮೂರು ಸಲ ಎದ್ದುಹೋಗಿ ತಮ್ಮನ ಬ್ಯಾಟರಿ ಅಂಗಡಿಯ ಮುಂದೆ ನಿಂತಿರುವ ನಿಮ್ಮ ಅಂಬಾಸಡರ್ ಕಾರಿಗೆ ಸುತ್ತು ಬಂದೆ.

ಇದನ್ನು ಗುಜರಿಗೆ ಹಾಕು, ಇದರ ಮುಖ ನೋಡಲಾರೆ ಎಂದು ನೀವು ಕಳಿಸಿ ತಿಂಗಳಾಯಿತು. ನಾನು ಹಾಕಲಿಲ್ಲ, ರಿಪೇರಿ ಮಾಡಿದೆ. ಹಳೆಯ ಡೈನಮೋದ ಜಾಗದಲ್ಲಿ ನನ್ನ ತಂದೆ ಮಮ್ಮು ಕೈಯಾರೆ ಕೂರಿಸಿದ್ದ, ಬ್ಯಾಟರಿಗೆ ಕರೆಂಟು ತುಂಬಿಸುವ ಮೂವತ್ತೈದು ಆಂಪಿಯರಿನ ಪುಟ್ಟ ಆಲ್ಟರ್ನೇಟರ್ ಒಳಗೆಲ್ಲ ಸುಟ್ಟು ಕರಿಯಾಗಿತ್ತು. ತಂತಿ ಬಿಚ್ಚಿ ಹೊಸದಾಗಿ ಸುತ್ತಿದೆ. ತಮ್ಮ ನೌಷಾದ್ ಬೇಡವೆಂದ, ಕೇಳಲಿಲ್ಲ.

ನೀವು ಪಿಕಪ್ ವ್ಯಾನಿನ ದೊಡ್ಡ ಬ್ಯಾಟರಿ ತಂದು ಇದಕ್ಕೆ ಹಾಕಿಸಿದ ದಿನ ನೆನಪಿದೆಯಲ್ಲ. ಟಾಂಕಿ ದೊಡ್ಡದು ಮಾಡಿ ಎಂತ ಪ್ರಯೋಜನ, ಪಂಪು ಹಳೇದೇ ಉಂಟಲ್ಲ ಎಂದೆ. ಈ ದೊಡ್ಡ ಬ್ಯಾಟರಿ ಎಂದೂ ತುಂಬುವುದಿಲ್ಲ, ತುಂಬಿಸಲು ಹೋಗಿ ಆಲ್ಟರ್ನೇಟರ್ ಕಾದು ಸಾಯುತ್ತದೆ ಎಂದೂ ಹೇಳಿದೆ. ನೀವು ಕಡಬದ ನಿಮ್ಮ ಬಟ್ಟೆ ಅಂಗಡಿಯಲ್ಲಿ ಗೆಳೆಯ ಸುದರ್ಶನರ ಎದುರು, ಇವಳು ಬ್ಯಾಟರಿ ಅಂಗಡಿಯಲ್ಲೇ ಹುಟ್ಟಿದ್ದು ಮಾರಾಯ್ರೆ, ನಮಗೆಂತ ಗೊತ್ತುಂಟು ಎಂದು ನಕ್ಕಿರಿ. ಅವರೂ ನಕ್ಕರು. ನನಗೆ ಉರಿದುಹೋಯಿತು.

ಕೋಡಿಂಬಾಳದ ನಮ್ಮ ಅಂಗಳ ಇಳಿಜಾರು. ನೀವಂತೂ ಎಲ್ಲಿ ಹೋದರೂ ಕಾರಿನ ಮೂತಿಯನ್ನು ಇಳಿಜಾರಿಗೆ ತಿರುಗಿಸಿಯೇ ನಿಲ್ಲಿಸುವವರು. ಬ್ರೇಕು ಬಿಟ್ಟು, ಉರುಳುವಾಗ ಗೇರು ಹಾಕಿದರೆ ಸ್ಟಾರ್ಟ್. ನಮ್ಮ ಕಡೆ ಹಳೆಯ ಗಾಡಿಯವರೆಲ್ಲ ಮಾಡುವುದು ಹಾಗೆಯೇ. ಕೀ ತಿರುಗಿಸಿ ಸ್ಟಾರ್ಟ್ ಮಾಡುವ ಪ್ರಮೇಯವೇ ಬಾರದ್ದರಿಂದ, ಬ್ಯಾಟರಿ ದಿನದಿನಕ್ಕೆ ಬಡವಾಗುತ್ತಿದ್ದದ್ದು ಆರು ತಿಂಗಳು ನಿಮಗೆ ತಿಳಿಯಲೇ ಇಲ್ಲ.

ಅಜ್ಜಾವರದ ನಿಮ್ಮ ಅಕ್ಕನ ಮನೆಯ ಅಂಗಳ ಸಮತಟ್ಟು. ಮಾರ್ಚಿನ ಆ ಭಾನುವಾರ ಊಟಕ್ಕೆ ಕುಳಿತಿದ್ದ ನಿಮ್ಮ ಹೆತ್ತ ಉಮ್ಮ ಬಟ್ಟಲಿನ ಮೇಲೆ ವಾಲಿದಾಗ ನೀವು ಓಡಿಹೋಗಿ ಕೀ ತಿರುಗಿಸಿದಿರಿ, ಸದ್ದೇ ಇಲ್ಲ. ದೂಡಿದರೆ ಸ್ಟಾರ್ಟ್ ಆಗಿಯೇ ಆಗುತ್ತದೆ ಎಂಬ ರೂಢಿಯಲ್ಲಿ ಗಂಡಸರೆಲ್ಲ ಸೇರಿ ದೂಡಿದಿರಿ. ಬ್ಯಾಟರಿ ಪೂರ್ತಿ ಸತ್ತಿತ್ತು, ಎಷ್ಟು ದೂಡಿದರೂ ಸ್ಟಾರ್ಟ್ ಆಗಲಿಲ್ಲ. ನಾನು ಒಳಗೆ ಉಮ್ಮನ ತಲೆ ಹಿಡಿದು ಕುಳಿತಿದ್ದೆ. ರಿಕ್ಷಾ ಬಂದು ಸುಳ್ಯದ ಆಸ್ಪತ್ರೆ ಮುಟ್ಟುವಾಗ ಒಂದು ಗಂಟೆ ಕಳೆದಿತ್ತು. ಸ್ವಲ್ಪ ಬೇಗ ತರಬೇಕಿತ್ತು ಎಂದರು ಡಾಕ್ಟರು. ಉಮ್ಮನ ಬಲಗೈ ಮತ್ತೆ ಏಳಲಿಲ್ಲ.

ಅಂದಿನಿಂದ ನೀವು ಸ್ಟೇರಿಂಗ್ ಮುಟ್ಟಿಲ್ಲ. ನೋಡಲು ಬಂದವರಿಗೆಲ್ಲ, ಇವಳು ಹೇಳಿದ್ದಳು, ನಾನೇ ಕೇಳಲಿಲ್ಲ ಎಂದು ಹೇಳುತ್ತಾ ಬಂದಿರಿ. ಉಮ್ಮ ಎಡಗೈಯಲ್ಲಿ ನನ್ನ ತಲೆ ಸವರುತ್ತಿದ್ದರು. ನೀವು ಬೈದಿದ್ದರೆ ಸಹಿಸುತ್ತಿದ್ದೆ, ಆ ಹೊಗಳಿಕೆ ಸಹಿಸಲಾಗಲಿಲ್ಲ. ತಮ್ಮನ ಅಂಗಡಿಯಲ್ಲಿ ಕೆಲಸಕ್ಕೆ ಜನವಿಲ್ಲ ಎಂಬ ನೆಪ ಹೇಳಿ ಇಲ್ಲಿಗೆ ಬಂದದ್ದು ಅದಕ್ಕೇ.

ಈಗ ಕೇಳಿ. ಅವತ್ತು ಬೆಳಗ್ಗೆ ಕಡಬ ದಾಟುವಾಗಲೇ ಬ್ಯಾಟರಿ ಚಾರ್ಜ್ ಆಗುತ್ತಿಲ್ಲವೆಂಬ ಕೆಂಪು ದೀಪ ಮಿಣುಕುತ್ತಿತ್ತು. ಸುಟ್ಟ ವಾಸನೆಯೂ ಬಂತು. ಯಾರೋ ತರಗೆಲೆ ಸುಡುತ್ತಿರಬೇಕು ಎಂದಿರಿ ನೀವು. ನಾನು ಹೂಂ ಎಂದೆ. ಅದು ಯಾವ ವಾಸನೆಯೆಂದು ನನಗೆ ಗೊತ್ತಿತ್ತು. ಕಾರು ನಿಲ್ಲಲಿ, ಅಕ್ಕನ ಮನೆಯವರೆಲ್ಲರ ಎದುರೇ ನಿಲ್ಲಲಿ, ಆಗ ನನ್ನನ್ನು ಕೇಳುತ್ತಾರೆ ಎಂದುಕೊಂಡು ಕಿಟಕಿಯ ಹೊರಗೆ ನೋಡುತ್ತಾ ಕುಳಿತೆ. ಎಂಟು ತಿಂಗಳಿನಿಂದ ಒಂದು ಕಡೆ ನೆಟ್ಟಗೆ ಕೂರಲಾಗುತ್ತಿಲ್ಲ ನನಗೆ.

ಆಲ್ಟರ್ನೇಟರಿಗೆ ಸರಿಹೊಂದುವ ಚಿಕ್ಕ ಬ್ಯಾಟರಿ ಹಾಕಿದ್ದೇನೆ. ನಾಳೆ ನೌಷಾದ್ ಕಾರನ್ನೂ ಈ ಕಾಗದವನ್ನೂ ತಂದುಕೊಡುತ್ತಾನೆ. ನಮ್ಮ ಅಂಗಳಕ್ಕೆ ಹತ್ತಿಸಬೇಡ, ಕೆಳಗೆ ಶಾಲೆಯ ಮೈದಾನದಲ್ಲಿ ಸಮತಟ್ಟಿಗೆ ನಿಲ್ಲಿಸು ಎಂದಿದ್ದೇನೆ. ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಇಷ್ಟು ಓದಿದ ಮೇಲೂ ನಾನು ಆ ಮನೆಗೆ, ಉಮ್ಮನ ಹತ್ತಿರಕ್ಕೆ ಮರಳಬಹುದು ಎಂದಾದರೆ ನೀವೇ ಓಡಿಸಿಕೊಂಡು ಬನ್ನಿ. ಆಗದು ಎಂದಾದರೆ ಕೀ ನೌಷಾದನ ಕೈಗೆ ಕೊಟ್ಟು ಕಳಿಸಿ, ನಾನು ಮತ್ತೆ ಕೇಳುವುದಿಲ್ಲ.

ನಿಮ್ಮವಳೆಂದು ಬರೆಯಲು ಹೆದರುತ್ತಿರುವ,
ಸಫಿಯಾ

ಇನ್ನೊಂದು ಮಾತು: ಬ್ಯಾಟರಿಯ ಗ್ಯಾರಂಟಿ ಕಾರ್ಡು ಕಾರಿನ ಡ್ರಾವರಿನಲ್ಲಿದೆ. ತಾರೀಕು ನೋಡಿ ತಪ್ಪು ಬಿದ್ದಿದೆ ಎಂದುಕೊಳ್ಳಬೇಡಿ. ಇಲ್ಲಿಗೆ ಬರುವಾಗ ಜೊತೆಗೆ ತಂದ ಆ ಚಿಕ್ಕ ಬ್ಯಾಟರಿಯನ್ನು ನಾನು ಕೊಂಡದ್ದು ಅಜ್ಜಾವರಕ್ಕೆ ಹೋಗುವ ಮೂರು ವಾರ ಮೊದಲು. ಅಲ್ಲಿ ನಮ್ಮ ಮನೆಯ ಸ್ಟೋರ್ ರೂಮಿನಲ್ಲಿ, ಖಾಲಿ ಸಿಲಿಂಡರಿನ ಹಿಂದೆ ಇಟ್ಟಿದ್ದೆ. ನೀವು ಬಂದು ಕೇಳಲಿ ಎಂದು ಕಾಯುತ್ತಿದ್ದೆ.