ಐಸು ಬೆವರುವ ತನಕ

ಹದಿನಾಲ್ಕನೇ ತಾರೀಖು, ಗುರುವಾರ
ಮಧ್ಯಾಹ್ನ

ನನ್ನ ಮೊಂಡಿ ಮಗಳಿಗೆ ಅಮ್ಮನ ಆಶೀರ್ವಾದ.

ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೀವಿ. ನಿನ್ನ ಕಾಗದ ಬಂದು ಹದಿನೆಂಟು ದಿನ ಆಯ್ತು, ಅಮ್ಮ ಉತ್ತರಾನೇ ಬರೀಲಿಲ್ಲ ಅಂತ ಮುಖ ಊದಿಸ್ಕೊಂಡಿರ್ತೀಯ. ಊದಿಸ್ಕೋ, ತಪ್ಪು ನಂದೇ. ಕನ್ನಡಕದ ಕಾಲು ಮುರಿದಿತ್ತು ಅಂತ ನೆಪ ಹೇಳಬಹುದು, ಆದರೆ ನಿಮ್ಮಪ್ಪ ಎರಡನೇ ದಿನಕ್ಕೇ ಅದಕ್ಕೆ ದಾರ ಸುತ್ತಿ ಕೊಟ್ಟರು. ಫೋನಲ್ಲಿ ಮಾತಾಡೋಣ ಅಂದರೆ ನಂಗೆ ಅಳು ಬರುತ್ತೆ, ನಿಂಗೆ ಸಿಟ್ಟು ಬರುತ್ತೆ. ಅದಕ್ಕೇ ಈ ಕಾಗದ.

ನೀನು ಬರೆದಿದ್ದು ನಾಲ್ಕೇ ಸಾಲು. ‘ಅಮ್ಮ, ಲಸಿಕೆ ಕೆಡಿಸಿಬಿಟ್ಟೆ. ಮೆಮೊ ಕೊಟ್ಟಿದ್ದಾರೆ. ಕೆಲಸ ಉಳಿಯುತ್ತೋ ಇಲ್ವೋ ಗೊತ್ತಿಲ್ಲ. ಅಪ್ಪಂಗೆ ಹೇಳಬೇಡ.’ ಅಷ್ಟೇ! ಹೊಟ್ಟೇಲಿ ಹುಟ್ಟಿದ ಮಗಳು ತಾಯಿಗೆ ಟೆಲಿಗ್ರಾಂ ಬರೀತಾಳೆ ನೋಡು. ಅಪ್ಪಂಗೆ ಹೇಳಬೇಡ ಅಂದ್ಯಲ್ಲ, ಕವರ್ ಒಡೆದು ಮೊದಲು ಓದಿದವರೇ ಅವರು. ಮಿಕ್ಕಿದ್ದನ್ನ ನಿಮ್ಮ ಆಸ್ಪತ್ರೆ ವ್ಯಾನಿನ ಡ್ರೈವರ್ ಬಾಯಿಂದ ಕೇಳಿದೆ. ಹೋದ ವಾರ ಈ ಕಡೆ ಬಂದಿದ್ದ, ಒಂದು ಲೋಟ ಟೀ ಮುಗಿಯೋದ್ರೊಳಗೆ ಎಲ್ಲ ಕಕ್ಕಿದ. ಪಾಪ, ಅವನನ್ನ ಬೈಬೇಡ. ಕೆದಕಿ ಕೆದಕಿ ಕೇಳಿದವಳು ನಾನು.

‘ಏನ್ ಬಿಸಿಲಮ್ಮ ಆವತ್ತು, ಸ್ಟೇರಿಂಗ್ ಮುಟ್ಟಕ್ಕಾಗ್ತಿರಲಿಲ್ಲ’ ಅಂದ. ಆ ಬಿಸಿಲಿಗೆ ಹೆದರಿ ನೀನು ಫ್ರೀಜರಿಂದ ತೆಗೆದ ಐಸ್ ಪ್ಯಾಕನ್ನ, ಕಲ್ಲಿನ ಹಾಗಿದ್ದಿದ್ದನ್ನ, ಹಾಗೇ ಲಸಿಕೆ ಡಬ್ಬಿಗೆ ತುಂಬಿದೆಯಂತೆ. ಐಸು ಸ್ವಲ್ಪ ಹೊತ್ತು ಹೊರಗಿದ್ದು ಬೆವರಬೇಕು, ಅಲ್ಲಾಡಿಸಿದರೆ ಒಳಗೆ ನೀರು ಗುಳುಗುಳು ಅನ್ನಬೇಕು, ಆಮೇಲೆ ತುಂಬಬೇಕು ಅಂತ ನಿಂಗೆ ಟ್ರೈನಿಂಗಲ್ಲಿ ಹೇಳಿಕೊಟ್ಟಿದ್ದಾರೆ. ಗೊತ್ತಿದ್ದೂ ಯಾಕೆ ಹಾಗೆ ಮಾಡಿದೆ ಅಂತ ನಾನು ಕೇಳಲ್ಲ. ಚಿಕ್ಕವಳಿದ್ದಾಗಿಂದ ನೀನು ನೋಡಿದ್ದು ನನ್ನ ಕೈಯನ್ನ. ನರ್ಸ್ ಆಗಿದ್ದ ಇಪ್ಪತ್ತೆಂಟು ವರ್ಷವೂ ನಾನು ಡಬ್ಬಿ ತುಂಬಿದ್ದು ಹಾಗೇ. ‘ನನ್ನ ಡಬ್ಬಿಗೆ ಸಂಜೆ ಕೈ ಹಾಕಿದರೂ ಬೆರಳು ಜೋಮು ಹಿಡಿಯುತ್ತೆ’ ಅಂತ ಜಂಬ ಬೇರೆ! ಬಿಸಿಗೆ ಲಸಿಕೆ ಕೆಡುತ್ತೆ ಅನ್ನೋದೊಂದೇ ನನ್ನ ತಲೇಲಿ ಕೂತಿತ್ತು. ನಾಯಿಕೆಮ್ಮು, ಗಂಟಲಮಾರಿ, ಧನುರ್ವಾಯುಗೆ ಹಾಕೋ ಆ ಲಸಿಕೆ ಹೆಪ್ಪುಗಟ್ಟಿದರೂ ಅಷ್ಟೇ ಕೆಡುತ್ತೆ, ಒಡೆದ ಹಾಲಿನ ಹಾಗೆ, ಮತ್ತೆ ಸರಿಹೋಗಲ್ಲ. ಇದು ನನ್ನ ಕಿವಿಗೆ ಬಿದ್ದಿತ್ತು. ಬಿಸಿಲಲ್ಲಿ ಅಲೀದೆ ಇರೋರು ಹೇಳೋ ಮಾತು ಅಂತ ಅಲ್ಲಿಗೇ ಬಿಟ್ಟಿದ್ದೆ.

ಮಕ್ಕಳಿಗೆಲ್ಲ ಚುಚ್ಚಿ ಆದ ಮೇಲೆ, ಉಳಿದ ಸೀಸೆ ಒಳಗೆ ಐಸಿನ ಎಳೆ ಕಂಡಿದ್ದು ನಿನ್ನೊಬ್ಬಳಿಗೆ. ಅಂಗೈಯಲ್ಲಿ ಹಿಡಿದ ಎರಡು ನಿಮಿಷಕ್ಕೆ ಅದೂ ಮಾಯ. ಸುಮ್ಮನಿದ್ದಿದ್ದರೆ ಯಾರಪ್ಪನಿಗೂ ಗೊತ್ತಾಗ್ತಿರಲಿಲ್ಲ. ನೀನೋ, ಇನ್ನೊಂದು ಸೀಸೇನ ಬೇಕಂತಲೇ ಫ್ರೀಜರಲ್ಲಿ ಗಟ್ಟಿ ಮಾಡಿ, ಮಾರನೇ ದಿನ ಕರಗಿಸಿ, ಎರಡನ್ನೂ ಕುಲುಕಿ ಕಿಟಕಿ ಹತ್ತಿರ ಇಟ್ಟು ಕೂತೆಯಂತೆ. ಚೆನ್ನಾಗಿರೋ ಲಸಿಕೆ ತಳಕ್ಕೆ ಇಳಿಯೋದು ನಿಧಾನ, ಹೆಪ್ಪುಗಟ್ಟಿ ಕೆಟ್ಟಿದ್ದು ಬೇಗ. ಇವೆರಡೂ ಅರ್ಧ ಗಂಟೇಲಿ ಒಟ್ಟೊಟ್ಟಿಗೆ ತಳಕ್ಕೆ ಕೂತವಂತೆ, ಮೇಲೆ ಬರೀ ತಿಳಿ ನೀರು. ‘ಅದನ್ನ ನೋಡ್ತಾ ನೋಡ್ತಾ ನಮ್ ಸಿಸ್ಟರ್ ಬಿಳಿಚಿಕೊಂಡ್ರು’ ಅಂದ.

ನಿಮ್ಮ ಡಾಕ್ಟರ್ ‘ನೀರು ಚುಚ್ಚಿದ ಹಾಗಾಯ್ತು, ಅಪಾಯ ಏನಿಲ್ಲ, ಬಿಟ್ಟಾಕಮ್ಮ’ ಅಂದರಂತೆ. ನೀನು ‘ಅಪಾಯ ಅದೇ ಸರ್. ಹಾಕಿಸಿದ್ದೀವಿ ಅಂತ ಅವರು ನಿಶ್ಚಿಂತೆಯಾಗಿರ್ತಾರಲ್ಲ’ ಅಂದೆಯಂತೆ. ಅದನ್ನ ಕೇಳಿ ನಾನು ಟೀ ಲೋಟ ತೊಳೆಯೋ ನೆಪದಲ್ಲಿ ಅಡುಗೆಮನೆಗೆ ಹೋದೆ. ಕಣ್ಣು ಒರೆಸ್ಕೊಳ್ಳೋಕೆ ಸೆರಗೇ ಸಾಲಲಿಲ್ಲ ಕಣೇ.

ನಲವತ್ಮೂರು ಮನೆ! ಆ ಲಸಿಕೆ ಹಾಕಿಸ್ಕೊಂಡ ಒಂದೊಂದು ಮಗುವಿನ ಮನೆಗೂ ಹೋಗಿ ನೀನೇ ಹೇಳಿದೆಯಂತೆ, ನಾಲ್ಕು ದಿನ, ಆ ಸುಡು ಬಿಸಿಲಲ್ಲಿ! ಡ್ರೈವರ್ ವ್ಯಾನಲ್ಲೇ ಕೂತಿರ್ತಿದ್ದನಂತೆ. ‘ಸಿಸ್ಟರ್ ಏನಂದ್ರೋ ನಂಗೆ ಕೇಳಿಸ್ತಿರಲಿಲ್ಲ, ಅವರಿಗೆ ಅಂದಿದ್ದು ಮಾತ್ರ ಬೀದಿಗೆಲ್ಲ ಕೇಳಿಸ್ತಿತ್ತು’ ಅಂದ. ಒಂದು ಮನೇಲಿ ಮಗುವಿನ ಅಪ್ಪ, ಗ್ಯಾರೇಜ್ ಇಟ್ಟಿರೋನಂತೆ, ‘ನಮ್ ಮಗು ಮೇಲೆ ಪ್ರಯೋಗ ಮಾಡ್ತೀರಾ?’ ಅಂತ ಬಾಯಿಗೆ ಬಂದಂಗೆ ಬೈದು, ಮುಖದ ಮೇಲೆ ಬಾಗಿಲು ಹಾಕಿದನಂತೆ. ನೀನು ಅವನ ಮನೆ ಮೆಟ್ಟಿಲ ಮೇಲೇ ಕೂತೆಯಂತೆ. ಒಂದು ಗಂಟೆ ಆದ ಮೇಲೆ ಅವನೇ ಮಗೂನ ಎತ್ಕೊಂಡು ಆಚೆ ಬಂದು ‘ನಡೀರಿ, ಎಲ್ಲಿ ಹಾಕ್ತೀರ?’ ಅಂದನಂತೆ. ನಿನ್ನ ಮೊಂಡುತನಕ್ಕೆ ನಾನು ಎಷ್ಟು ಸಲ ಬೆನ್ನಿಗೆ ಗುದ್ದಿದ್ದೀನಿ, ಅಷ್ಟನ್ನೂ ಇವತ್ತು ವಾಪಸ್ ತಗೊಂಡಿದ್ದೀನಿ. ನಲವತ್ತೊಂದು ಮಕ್ಕಳಿಗೆ ಮತ್ತೆ ಹಾಕಿ ಆಯ್ತಂತಲ್ಲ. ಉಳಿದ ಎರಡು ಮನೆಯವರು ಎಷ್ಟು ದಿನ ತಪ್ಪಿಸ್ಕೋತಾರೋ ನಾನೂ ನೋಡ್ತೀನಿ!

ಮೆಮೊಗೆ ನೀನು ಕೊಟ್ಟ ಉತ್ತರಾನೂ ಡ್ರೈವರೇ ಹೇಳಿದ. ‘ನಿಯಮ ಗೊತ್ತಿತ್ತು, ಪಾಲಿಸಲಿಲ್ಲ, ತಪ್ಪು ನನ್ನದು.’ ಮನೇಲಿ ನೋಡಿ ಕಲಿತಿದ್ದು ಅಂತ ಒಂದು ಮಾತು ಬರೀಬಹುದಿತ್ತು. ಬರೀಲಿಲ್ಲ. ನಿನ್ನ ತಾಯಿ ಅದನ್ನ ಗಮನಿಸಿದ್ದಾಳೆ ಅಂತ ತಿಳ್ಕೋ.

ಇದೆಲ್ಲ ಕೇಳಿದ ಮೇಲೆ ನಿಮ್ಮಪ್ಪ ಎರಡು ದಿನ ಹೊಲಿಗೆ ಮೆಷಿನ್ನೇ ತುಳಿಯಲಿಲ್ಲ. ಮೂರನೇ ದಿನ, ‘ಹೊಲಿಗೆ ತಪ್ಪಿದ್ರೆ ನಾನು ಗಿರಾಕಿ ಬರೋ ಮುಂಚೆ ಬಿಚ್ಚಿ ಹೊಲೀತಿದ್ದೆ. ಇವಳು ಗಿರಾಕಿ ಮನೆಗೇ ಹೋಗಿ ಹೇಳಿ ಬಂದಿದ್ದಾಳಲ್ಲೇ!’ ಅಂದರು. ಈಗ ಅಳತೆ ಕೊಡೋಕೆ ಬಂದೋರಿಗೆಲ್ಲ ಇದನ್ನೇ ಹೇಳ್ತಾರೆ. ಅವರಿಗೆ ಹೇಳಬೇಡ ಅಂದಿದ್ದೆಯಲ್ಲ, ಅನುಭವಿಸು.

ಕೆಲಸ ಉಳಿದರೆ ಸಂತೋಷ. ಹೋದರೆ ಸೀದಾ ಮನೆಗೆ ಬಾ, ನಿನ್ನ ಮಂಚ ಹಾಗೇ ಇದೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ಕಟ್ಟಿಕೊಂಡ ಕೆಲಸ ನಿನ್ನ ಕೈ ಬಿಡದೇ ಇರಲಿ, ನಿನ್ನ ಕೈ ತಾಗಿದ ಮಕ್ಕಳೆಲ್ಲ ನೂರು ವರ್ಷ ಬಾಳಲಿ.

ನಿನ್ನ ಅಮ್ಮ

ತಾ.ಕ.: ಇದನ್ನ ಬರೀಬಾರದು ಅಂತ ಕವರ್ ಅಂಟಿಸಿದ್ದೆ. ಮತ್ತೆ ಬಿಡಿಸಿದೆ.

ನೀನು ಎರಡನೇ ಕ್ಲಾಸಲ್ಲಿದ್ದಾಗ ಇಲ್ಲಿ ಒಂದು ಮಗು ನಾಯಿಕೆಮ್ಮಿಂದ ಹೋಯ್ತು. ಹತ್ತು ತಿಂಗಳ ಹೆಣ್ಣುಮಗು, ತಾಯಿ ಇಟ್ಟಿಗೆ ಗೂಡಲ್ಲಿ ಕೆಲಸ ಮಾಡೋಳು. ‘ಮೂರು ಸಲಾನೂ ಬಂದು ಹಾಕಿಸಿದ್ದೆ ಸಿಸ್ಟರ್’ ಅಂತ ಎದೆ ಬಡ್ಕೊಂಡಳು. ನಾನು ಎಲ್ಲರ ಎದುರಿಗೆ ‘ಸುಳ್ಳು ಹೇಳಬೇಡ, ಒಂದಾದರೂ ತಪ್ಪಿಸಿರ್ತೀಯ. ಸರಿಯಾಗಿ ಹಾಕಿಸಿದ್ದರೆ ಮಗು ಯಾಕೆ ಹೋಗ್ತಿತ್ತು?’ ಅಂದೆ. ಅವಳ ಗಂಡ ಪಕ್ಕದಲ್ಲೇ ನಿಂತಿದ್ದ. ಅವನು ಸಾಯೋ ತನಕ ಅವಳನ್ನ ಮಗು ತಿಂದೋಳು ಅಂತಲೇ ಕರೆದ. ಆಮೇಲೆ ಅವಳ ಕಾರ್ಡು ನೋಡಿದೆ. ಮೂರೂ ಕಡೆ ನನ್ನದೇ ಸಹಿ ಇತ್ತು. ಆದರೂ ಬಾಯಿ ಬಿಡಲಿಲ್ಲ.

ಆ ಲಸಿಕೆ ನನ್ನ ಡಬ್ಬಿಯಲ್ಲೇ ಹೆಪ್ಪುಗಟ್ಟಿತ್ತೋ ಏನೋ, ಈಗ ತಿಳಿಯೋಕೆ ದಾರಿಯಿಲ್ಲ. ಅವಳು ಸುಳ್ಳು ಹೇಳಿರಲಿಲ್ಲ, ಅದು ಮಾತ್ರ ಗೊತ್ತು. ಎರಡು ಬೀದಿ ಆಚೆ ಇದ್ದಾಳೆ. ನಾನು ಎದುರು ಸಿಕ್ಕರೆ ಈಗಲೂ ತಲೆ ತಗ್ಗಿಸ್ಕೊಂಡು ಹೋಗ್ತಾಳೆ.

ಈ ಹದಿನೆಂಟು ದಿನದಲ್ಲಿ ಮೂರು ಸಲ ಅವಳ ಮನೆ ತನಕ ಹೋಗಿ ವಾಪಸ್ ಬಂದೆ. ಆ ನಲವತ್ಮೂರು ಮನೇಲೂ ಬಾಗಿಲು ತೆಗೆದ ಕೂಡಲೇ ನೀನು ಮೊದಲು ಏನಂದೆ ಮಗಳೇ? ಅದೊಂದು ಸಾಲು ಬರೆದು ಕಳಿಸು.