ಆ ಬಾಗಿಲಿಗೆ ಕೀಲಿ ಇತ್ತು

ಐಗಳಿಯಾಚೆಯ ವಸ್ತಿ,
ಕಾರ್ತಿಕ, ೧೯೯೪

ನನ್ನ ಕಾಳಕ್ಕಾ,

ನಿನ್ನ ತಂಗಿ ತಾರವ್ವ ಬರೆಯುತ್ತಿದ್ದೇನೆ. ನಿನಗೆ ಓದು ಬರುತ್ತಿರಲಿಲ್ಲ. ನೀನು ತೀರಿಹೋಗಿ ಐದು ವರ್ಷವೂ ಆಯಿತು. ಆದರೂ ಇಂದು ನಡೆದದ್ದನ್ನು ನಿನಗೆ ಹೇಳದೆ ಒಲೆ ಹಚ್ಚುವ ಮನಸ್ಸಾಗಲಿಲ್ಲ.

ಯುರೋಪಿನ ದೇಶಗಳು ಕೂಡಿ ಕೊಟ್ಟ ಹಣದಲ್ಲಿ ನಮ್ಮ ವಸ್ತಿಗೆ ಕುರಿ ದವಾಖಾನೆ ಬಂದಾಗ ಎಷ್ಟು ಹಿಗ್ಗಿದ್ದೆ ನೀನು! ಕಟ್ಟಿಸಿದ ಸಂಸ್ಥೆಯ ಯಜಮಾನ ಭಾವುಸಾಹೇಬ ಎಲ್ಲರಿಗೂ ಪೇಢೆ ಹಂಚಿ, ಬಾಗಿಲಿಗೆ ಕೀಲಿ ಜಡಿದು ಹೋದ. ಮತ್ತೆ ಅದು ತೆರೆಯಲಿಲ್ಲ. ಮಳೆಗಾಲದ ಕೊನೆಗೆ ಕುರಿಗಳ ಬಾಯಿ ಬಾತು ನಾಲಿಗೆ ನೀಲಿಗಟ್ಟಿದಾಗ, ನೀನು ಗಬ್ಬದ ಕುರಿಯೊಂದನ್ನು ಹೆಗಲ ಮೇಲೆ ಹೊತ್ತು ಅಲ್ಲಿಗೆ ಓಡಿದೆ. ಮೆಟ್ಟಿಲ ಮೇಲೆಯೇ ಅದು ಸತ್ತಿತು. ಹೊಟ್ಟೆಯೊಳಗಿನ ಮರಿ ಮಿಸುಕಾಡುವುದು ನಿಂತ ಮೇಲೆಯೇ ನೀನು ಎದ್ದು ಬಂದದ್ದು.

ಹಣ ಹೇಗೆ ಖರ್ಚಾಯಿತೆಂದು ನೋಡಲು ಯುರೋಪಿನಿಂದ ಒಬ್ಬ ಹೆಣ್ಣುಮಗಳು ಬರುತ್ತಾಳೆಂದು ತಿಳಿದದ್ದೇ ತಡ, ಗೋಡೆಗೆ ಸುಣ್ಣ ಬಿತ್ತು, ಔಷಧದ ಬಾಟಲಿಗಳು ಬಂದವು. ನಿನ್ನ ಗಂಡ ಮಾಳಸಿದ್ದ ಮಾಮಾನ ಕುರಿಗಳನ್ನೇ ತರಿಸಿ ಅಂಗಳದಲ್ಲಿ ನಿಲ್ಲಿಸಿದರು. ಆಕೆ ಒಂದು ಮರಿಯ ತಲೆ ಸವರಿ, ಇವನ್ನು ಇಲ್ಲಿ ಚೆನ್ನಾಗಿ ನೋಡುತ್ತಾರೆಯೇ ಎಂದು ದುಭಾಷಿಯ ಮೂಲಕ ಕೇಳಿದಳು. ಎಲ್ಲರೂ ತಲೆಯಾಡಿಸಿದರು. ನೀನು ಮಾತ್ರ ಸೆರಗು ಸರಿಪಡಿಸಿಕೊಂಡು ಮುಂದೆ ಬಂದೆ.

"ಸುಳ್ಳ್ಯಾಕ ಹೇಳ್ಲಿ ಬಾಯಾರ. ಇವು ನಮ್ಮ ಕುರಿ. ಇವಕ್ಕೇನೂ ಬ್ಯಾನಿ ಇಲ್ಲ. ಬ್ಯಾನಿ ಬಂದಾಗ ಈ ಬಾಗ್ಲಕ್ಕ ಕೀಲಿ ಇತ್ತು."

ದುಭಾಷಿ ತಡವರಿಸಿದ. ನೀನು ಬಿಡಲಿಲ್ಲ. "ಹೇಳ್ರಿ, ನಾ ಅಂದದ್ದಷ್ಟೂ ಹೇಳ್ರಿ," ಅಂದೆ.

ಆಕೆ ನಿನ್ನ ಹೆಸರನ್ನೂ ಮಾತನ್ನೂ ಬರೆದುಕೊಂಡು ಹೋದಳು. ಒಂದೆರಡು ತಿಂಗಳಲ್ಲಿ ಹಣ ನಿಂತಿತು. ಅದೇ ಹಣದಲ್ಲಿ ಏಳುತ್ತಿದ್ದ ನೀರಿನ ಟಾಕಿಯೂ ಅರ್ಧಕ್ಕೆ ನಿಂತಿತು. ಭಾವುಸಾಹೇಬನಿಗೆ ಏನೂ ಆಗಲಿಲ್ಲ. ಅವನ ಜೀಪು ಓಡಾಡುತ್ತಲೇ ಇತ್ತು. ಆದದ್ದೆಲ್ಲ ನಿನಗೆ. "ಊರ ಬಾಯಿಗೆ ಬರೋ ನೀರು ನಿನ್ನ ಬಾಯಿಂದ ಹೋತಲ್ಲ ಬೇ," ಎಂದು ದಿನಾ ನಿನ್ನ ಜೊತೆ ನೀರಿಗೆ ಬರುತ್ತಿದ್ದ ರಾಮವ್ವ ಬಾವಿಕಟ್ಟೆಯ ಮೇಲೆ ಕೂಗಾಡಿದಳು. ನಿನ್ನ ಕೊಡ ಕಂಡರೆ ಹೆಂಗಸರು ದೂರ ಸರಿದರು. ಗೊಬ್ಬರಕ್ಕೆಂದು ವರ್ಷವರ್ಷವೂ ತಮ್ಮ ಹೊಲದಲ್ಲಿ ರಾತ್ರಿ ಕುರಿ ತರುಬಿ ನಿಲ್ಲಿಸಲು ಕರೆಯುತ್ತಿದ್ದ ಒಕ್ಕಲಿಗರು ಕರೆಯುವುದನ್ನೇ ಬಿಟ್ಟರು. ಮಾಮಾ ಹಿಂಡು ಹೊಡೆದುಕೊಂಡು ರಾಯಬಾಗದ ಕಡೆ ನಡೆದ. ನೀನು ಹಿಂದೆ ಹೋದೆ. ಅಲ್ಲೇ ಕಬ್ಬಿನ ಗದ್ದೆಯ ಬದಿಗೆ, ಸೋರುವ ತಾಡಪತ್ರಿಯ ಕೆಳಗೆ ನಿನಗೆ ಜ್ವರ ಬಂತು. ಎದೆಗೆ ಇಳಿಯಿತು. ನಾನು ಬರುವಷ್ಟರಲ್ಲಿ ನಿನ್ನ ಕಾಲು ತಣ್ಣಗಾಗಿದ್ದವು.

ಇಂದು ಮತ್ತೆ ಯುರೋಪಿನಿಂದ ಒಬ್ಬ ವಯಸ್ಸಾದ ಸಾಹೇಬ ಬಂದು ವಸ್ತಿಯವರ ಸಭೆ ಕೂಡಿಸಿದ್ದ. ನಿಂತ ಕೆಲಸ ಮತ್ತೆ ಶುರು ಮಾಡುತ್ತಾರಂತೆ, ಈ ಸಲ ಭಾವುಸಾಹೇಬನ ಕೈಗೆ ಹಣ ಕೊಡುವುದಿಲ್ಲವಂತೆ. ಹೇಳದೆ ಕೇಳದೆ ಬಂದು ವಸ್ತಿಯವರನ್ನೇ ವಿಚಾರಿಸುತ್ತಾರಂತೆ. ಇಷ್ಟು ಹೇಳಿ ಆತ ಕೇಳಿದ: ಬಾಗಿಲಿಗೆ ಕೀಲಿ ಇತ್ತು ಎಂದ ಕಾಳವ್ವ ಎಲ್ಲಿ? ಮೊದಲು ಆಕೆಯನ್ನು ಕಾಣಬೇಕು.

 ಮುಂದಿನ ಸಾಲಿನಲ್ಲಿ ಕೂತಿದ್ದ ಭಾವುಸಾಹೇಬನೇ ಎದ್ದ. "ಕುರಿ ಹೊಡ್ಕೊಂಡು ದೂರ ಹೋಗ್ಯಾಳ್ರಿ ಸಾಹೇಬ್ರ. ಆರಾಮ ಅದಾಳ."

ನಾನು ಎದ್ದು ನಿಂತೆ ಅಕ್ಕಾ. "ಇಲ್ರೀ," ಅಂದೆ. "ನಮ್ಮಕ್ಕ ಸತ್ತಾಳ. ಖರೇ ಹೇಳಿದ್ದಕ್ಕ ಈ ಊರು ಆಕಿನ್ನ ಇರಗೊಡಲಿಲ್ಲ." ಆಮೇಲೆ ಬಾವಿಕಟ್ಟೆಯ ಮಾತು, ಹೊಲದ ಮಾತು, ತಾಡಪತ್ರಿಯ ಮಾತು ಎಲ್ಲ ಹೇಳಿದೆ. ಹಿರಿಯರ ಮುಂದೆ ನಾನು ಅಷ್ಟು ಮಾತಾಡಿದ್ದು ಅದೇ ಮೊದಲು.

ಸಾಹೇಬ ಟೊಪ್ಪಿಗೆ ತೆಗೆದು ಎದೆಗೆ ಹಿಡಿದುಕೊಂಡ. ಆತ ಆಡಿದ್ದನ್ನು ದುಭಾಷಿ ನಿಧಾನವಾಗಿ ಹೇಳಿದ: "ನಮ್ಮ ಹಣ ಏನಾಯಿತು ಅಂತ ಕೇಳಿದಿವಿ. ಹೇಳಿದಾಕಿ ಏನಾದಳು ಅಂತ ಕೇಳಲಿಲ್ಲ."

ಟಾಕಿ ಪೂರ್ತಿಯಾಗುತ್ತದೆ ಎನ್ನುತ್ತಾರೆ. ಡಾಕ್ಟರೂ ಬರುತ್ತಾನಂತೆ. ಬರಲಿ. ಸಂತೋಷಪಡಬೇಕೆಂದು ನನಗೂ ಗೊತ್ತು.

ಸಭೆ ಮುಗಿದ ಮೇಲೆ ರಾಮವ್ವ ನನ್ನ ಹಿಂದೆಯೇ ಮನೆತನಕ ಬಂದಳು. ಈಗ ಅವಳಿಗೆ ಕಣ್ಣು ಮಂಜು, ಕೈ ಹಿಡಿದೇ ಒಳಗೆ ಕರೆದೆ. ಹೊಸ್ತಿಲ ಮೇಲೆ ಕುಸಿದು ಕೂತಳು. "ಅವತ್ತ ನಾವೂ ಆಕಿ ಅಂದದ್ದು ಖರೇ ಹೌದ್ರೀ ಅಂದಿದ್ರ ಆಕಿ ಉಳೀತಿದ್ಲೇನ ತಾರವ್ವಾ?" ಎಂದು ಕೇಳಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಇಲ್ಲ ಎಂದು ಸಮಾಧಾನ ಹೇಳಬಹುದಿತ್ತು. ನನ್ನಿಂದ ಆಗಲಿಲ್ಲ. ಒಂದು ತಂಬಿಗೆ ನೀರು ತಂದು ಅವಳ ಮುಂದಿಟ್ಟು ಪಕ್ಕದಲ್ಲಿ ಕೂತೆ.

ಹೋದಲ್ಲಿ ನಿನಗೆ ಬೆಚ್ಚಗಿನ ಸೂರಿರಲಿ, ಹತ್ತಿರ ಕರೆಯುವ ಜನರಿರಲಿ, ನನ್ನವ್ವಾ.

ನಿನ್ನ ಬೆನ್ನಿಗೆ ಬಿದ್ದವಳು,
ತಾರವ್ವ