ಕಣದಲ್ಲಿ ನೆನೆದ ಕಾಫಿ

ತಮ್ಮಾ ಬೊಳ್ಳಪ್ಪ,

ಇವತ್ತು ನಾಪೋಕ್ಲಿಗೆ ಕಪ್ಪಿನ ಫೈನಲ್ ನೋಡಲು ಹೋಗಿದ್ದೆ. ನಗಬೇಡ, ಫುಟ್‌ಬಾಲೆಂದರೆ ಉರಿದುಬೀಳುತ್ತಿದ್ದ ನಿನ್ನ ಅಣ್ಣನೇ ಬೆಳಗಿನ ಬಸ್ಸು ಹತ್ತಿದ್ದು. ನಮ್ಮೂರಿನವರು ಈಗಲೂ ಬರಿಗಾಲಲ್ಲೇ ಆಡುತ್ತಾರೆ. ಗೋಲಿಗೆ ನಿಲ್ಲುವವನು ನಿನ್ನಷ್ಟು ಎತ್ತರವಿಲ್ಲ.

ಅರ್ಧ ಆಟ ಮುಗಿಯುವಾಗ ಬೆಟ್ಟದ ಮೇಲೆ ಮೋಡ ಕವಿಯಿತು. ಮನೆಯ ಕಣದಲ್ಲಿ ಕಾಫಿ ಒಣಹಾಕಿ ಬಂದಿದ್ದೆ. ಕೊಡಗು ಮೈಸೂರಿಗೆ ಸೇರಿದ ಆ ಚಳಿಗಾಲದಲ್ಲೂ ಇಂಥದೇ ಮೋಡ ಕಂಡು, ಕಾಫಿ ರಾಶಿ ಮಾಡಬೇಕೆಂದು ಇದೇ ಮೈದಾನದಿಂದ, ಫೈನಲ್ ಆಟದ ನಡುವೆಯೇ, ನಿನ್ನನ್ನು ತೋಳು ಹಿಡಿದು ಎಳೆದೊಯ್ದಿದ್ದೆ. "ನಾಳೆ ಒಣಗ್ಸುವ ಅಣ್ಣ. ಆಟ ನಾಳೆ ಇರುದಿಲ್ಲೆ" ಎಂದು ನೀನು ದಾರಿಯುದ್ದಕ್ಕೂ ಹೇಳಿದೆ. ಅಂದು ಒಂದು ಹನಿಯೂ ಬೀಳಲಿಲ್ಲ. ನಿನ್ನ ತಂಡ ಸೋತಿತು. ಮರುವರ್ಷದ ಫೈನಲ್‌ಗೆ ನೀನೇ ಇರಲಿಲ್ಲ. ಜ್ವರ ಬಂದು ಮೂರೇ ದಿನದಲ್ಲಿ ಹೋಗಿಬಿಟ್ಟೆ.

ಇವತ್ತು ಮಳೆ ಹೊಯ್ದೇ ಹೊಯ್ದಿತು. ಕೊನೆಯ ಸೀಟಿ ಊದುವವರೆಗೂ ನಾನು ಕೂತಲ್ಲಿಂದ ಏಳಲಿಲ್ಲ. ಗೆದ್ದೆವು ಕಣೋ.

ಮನೆಗೆ ಬಂದರೆ ನಿನ್ನ ಅತ್ತಿಗೆ ಅಂಗಳದಲ್ಲೇ ನಿಂತಿದ್ದಳು. ಒಬ್ಬಳೇ ಎಷ್ಟೆಂದು ಬಾಚಿಯಾಳು? "ಕಾಫಿ ಎಲ್ಲ ಚಂಡಿ ಆತಲ್ಲಾ!" ಎಂದು ನೆನೆದ ಕಾಫಿ ತೋರಿಸಿ ಕೂಗಾಡಿದಳು.

ನಿನ್ನ ಮಾತನ್ನೇ ಅವಳಿಗೆ ಹೇಳಿದೆ, ಅರ್ಧ ಮಾತ್ರ.

"ನಾಳೆ ಒಣಗ್ಸುವ."